ಉದರಧಮನಿಗಳ ರಚನಾಭೇದಗಳೂ ಶಸ್ತ್ರಚಿಕಿತ್ಸೆಯೂ: ಒಂದು ಚಾರಿತ್ರಿಕ ಸಮೀಕ್ಷೆ

ಬೆಂಗಳೂರಿನ ದಂಡು ಪ್ರದೇಶದಿಂದ ಹಲಸೂರು, ಇಂದಿರಾನಗರಗಳ ಮಗ್ಗುಲಲ್ಲಿ ಪೂರ್ವಾಭಿಮುಖವಾಗಿ ಸಾಗುವ ಹಳೆಯ ಮದರಾಸು ರಸ್ತೆಯು ಟಿನ್ ಫ್ಯಾಕ್ಟರಿ ಎಂಬ ಕೂಡುರಸ್ತೆಯನ್ನು ಮುಟ್ಟಿ, ಅಲ್ಲಿಂದ ಕೃಷ್ಣರಾಜಪುರ, ಹೊಸಕೋಟೆಗಳ ಕಡೆಗೆ ಮುಂದುವರಿಯುತ್ತದೆ. ಇದನ್ನು ದಾಟಿದ ಬಳಿಕ ವೈಟ್‌ಫೀಲ್ಡಿನ ದಾರಿ ಬೇರೆಯಾಗುತ್ತದೆ. ಆ ವೈಟ್‌ಫೀಲ್ಡಿನಲ್ಲಿರುವ ವೈದೇಹಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಅಂಗರಚನಾಶಾಸ್ತ್ರ ವಿಭಾಗದವರು ಐವತ್ತು ಮೃತದೇಹಗಳನ್ನು ಛೇದಿಸಿ, ಉದರದ ಮಹಾಧಮನಿಯೂ ಅದರ ಶಾಖೆಗಳೂ ಯಾವ ಯಾವ ರೀತಿಯಲ್ಲಿ ಕವಲೊಡೆದಿವೆಯೆಂಬುದನ್ನು ಪರಿಶೀಲಿಸಿ, ೨೦೧೧ ಮತ್ತು ೨೦೧೨ರಲ್ಲಿ ಎರಡು ಪ್ರಬಂಧಗಳನ್ನು ಪ್ರಕಟಿಸಿದರು. ಮೊದಲನೆಯದು ಪೋಲೆಂಡಿನ ಪತ್ರಿಕೆಯೊಂದರಲ್ಲಿಯೂ ಎರಡನೆಯದು ಸಿಂಗಪುರದ ಪತ್ರಿಕೆಯೊಂದರಲ್ಲಿಯೂ ಅಚ್ಚಾದುವು.

ಮಾನವದೇಹದ ಧಮನಿಗಳನ್ನು ಯೂರೋಪಿನ ಪಂಡಿತರು ನಾಲ್ಕು ಶತಮಾನಗಳಿಗೂ ಮಿಕ್ಕಿ ವರ್ಣಿಸಿದ್ದಾರೆ. ಚಿತ್ರಸಹಿತವಾದ ಗ್ರಂಥಗಳು ಎಲ್ಲ ಕಾಲೇಜುಗಳಲ್ಲಿಯೂ ಇವೆ. ಹೀಗಿರಲು ಇಪ್ಪತ್ತೊಂದನೆಯ ಶತಮಾನದಲ್ಲಿ ಬೆಂಗಳೂರಿನ ಪೂರ್ವದ ಅಂಚಿನಲ್ಲಿ ಕುಳಿತು ಅವನ್ನು ಮತ್ತೆ ಎಣಿಸುವ ಅವಶ್ಯಕತೆ ಏನಿತ್ತು? ಈ ಪ್ರಶ್ನೆಗೆ ಉತ್ತರವನ್ನು ಚರಿತ್ರೆಯಲ್ಲಿ ಹುಡುಕುವುದೇ ಪ್ರಕೃತ ಲೇಖನದ ಉದ್ದೇಶ. ಪಠ್ಯಪುಸ್ತಕವು 'ಸಹಜ'ವೆಂದು ಕರೆಯುವ ರಚನೆಯು ಪ್ರಕೃತಿಯ ನಿಯಮವಲ್ಲವೆಂದೂ, ಅದು ಎಣಿಕೆಯಲ್ಲಿ ಕಂಡುಬಂದ ಬಹುಮತ ಮಾತ್ರವೆಂದೂ ವೈದ್ಯರಿಗೆ ಮನಗಾಣಿಸಿದ್ದು ಶಸ್ತ್ರಚಿಕಿತ್ಸೆ. ಆ ಪಾಠಕ್ಕೆ ರೋಗಿಗಳ ಪ್ರಾಣವೇ ಎಷ್ಟೋ ವೇಳೆ ಶುಲ್ಕವಾಗಿ ಸಂದಿತು.

೧. ನಿಯತ ಸಂಖ್ಯೆಯ ಕಾಲ

ಹೃದಯದಿಂದ ಅಂಗಗಳಿಗೆ ರಕ್ತವನ್ನು ಒಯ್ಯುವ ನಾಳವನ್ನು ಈ ಲೇಖನದಲ್ಲಿ ಧಮನಿ ಎಂದು ಕರೆದಿದೆ. ಪ್ರಾಚೀನರ ಪ್ರಯೋಗದಲ್ಲಿ ಈ ಶಬ್ದದ ಅರ್ಥ ಇಷ್ಟು ಖಚಿತವಾಗಿರಲಿಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ನಾಭಿಯಿಂದ ಹೊರಡುವ ಇಪ್ಪತ್ತನಾಲ್ಕು ಧಮನಿಗಳನ್ನು ಹೇಳಿದೆ: ಹತ್ತು ಮೇಲಕ್ಕೆ, ಹತ್ತು ಕೆಳಕ್ಕೆ, ನಾಲ್ಕು ಅಡ್ಡಲಾಗಿ. ಅದೇ ಗ್ರಂಥವು ಶವಪರೀಕ್ಷೆಯ ಕ್ರಮವನ್ನೂ ವಿಧಿಸುತ್ತದೆ. ಶವವನ್ನು ಹುಲ್ಲು ನಾರುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿಗಳ ಕಾಲ ನೆನೆಯಿಸಿ, ತರುವಾಯ ಲಾವಂಚ, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲನೆ ಉಜ್ಜುತ್ತ ಚರ್ಮದಿಂದ ತೊಡಗಿ ಒಂದೊಂದೇ ಪದರವನ್ನು ಕಣ್ಣಾರೆ ನೋಡಬೇಕೆಂಬುದು ಆ ವಿಧಿ. ಕಣ್ಣಾರೆ ನೋಡಬೇಕೆಂಬ ಆಗ್ರಹ ಗಮನಾರ್ಹವಾದುದು. ಆದರೆ ಸಂಖ್ಯೆಯು ಎಲ್ಲ ದೇಹಗಳಿಗೂ ಒಂದೇ. ಎರಡು ದೇಹಗಳು ಒಂದರಂತೆ ಒಂದು ಇರಲಾರವೆಂಬ ವಿಚಾರಕ್ಕೆ ಅಲ್ಲಿ ಎಡೆಯಿಲ್ಲ.

ಪಶ್ಚಿಮದಲ್ಲಿಯೂ ಸ್ಥಿತಿ ಬೇರೆಯಾಗಿರಲಿಲ್ಲ. ಗ್ಯಾಲನ್ ಮಂಗ, ಹಂದಿ ಮುಂತಾದ ಪ್ರಾಣಿಗಳನ್ನು ಕೊಯ್ದು ಕಂಡದ್ದನ್ನೇ ಮನುಷ್ಯನಿಗೂ ಅನ್ವಯಿಸಿದನು. ೧೫೪೩ರಲ್ಲಿ ವೆಸೇಲಿಯಸನ ಗ್ರಂಥವು ಹೊರಬಿದ್ದ ಮೇಲೆ ಮಾನವದೇಹವೇ ಪ್ರಮಾಣವಾಯಿತು. ಆದರೂ ವರ್ಣಿಸುವವರ ಗುರಿಯು ಆದರ್ಶರೂಪವಾದ ಒಂದು ದೇಹವನ್ನು ಚಿತ್ರಿಸುವುದೇ ಆಗಿತ್ತು. ಅದಕ್ಕೆ ಹೊಂದದಿರುವುದನ್ನು 'ಪ್ರಕೃತಿಯ ಲೀಲೆ' ಎಂದು ಕರೆದು ಬದಿಗಿಡುವುದು ವಾಡಿಕೆಯಾಯಿತು.

೨. ಚಿತ್ರದಿಂದ ಎಣಿಕೆಗೆ

ಮುಂದಿನ ವಿಷಯವು ಸ್ಪಷ್ಟವಾಗಲು ಪಠ್ಯಪುಸ್ತಕದ ರಚನೆಯನ್ನು ಸಂಗ್ರಹವಾಗಿ ಹೇಳುವುದು ಅವಶ್ಯಕ. ಮಹಾಧಮನಿಯು ವಪೆಯನ್ನು ದಾಟಿ ಉದರಕ್ಕೆ ಇಳಿದೊಡನೆ ಅದರ ಮುಂಭಾಗದಿಂದ ಮೂರು ಒಂಟಿ ಶಾಖೆಗಳು ಹೊರಡುತ್ತವೆ. ಮೊದಲನೆಯದು ಉದರಕಾಂಡ. ಇದು ಗಿಡ್ಡವಾದ ಬೊಡ್ಡೆ. ಜಠರ, ಯಕೃತ್ತು, ಪ್ಲೀಹಗಳಿಗೆ ಒಂದೊಂದರಂತೆ ಮೂರು ಕವಲುಗಳು ಇದರಿಂದ ಹುಟ್ಟುತ್ತವೆ. ಎರಡನೆಯದಾದ ಮೇಲಣ ಅಂತ್ರಧಮನಿಯು ಸಣ್ಣ ಕರುಳಿಗೂ ದೊಡ್ಡ ಕರುಳಿನ ಬಲಭಾಗಕ್ಕೂ, ಮೂರನೆಯದಾದ ಕೆಳಗಣ ಅಂತ್ರಧಮನಿಯು ದೊಡ್ಡ ಕರುಳಿನ ಎಡಭಾಗಕ್ಕೂ ರಕ್ತವನ್ನು ಒದಗಿಸುತ್ತವೆ. ಪಾರ್ಶ್ವಗಳಲ್ಲಿ ಮೂತ್ರಪಿಂಡಗಳಿಗೆ ಒಂದೊಂದು ಧಮನಿ ಹೋಗುತ್ತದೆ. ಉದರಕಾಂಡದ ಮೂರು ಕವಲುಗಳಿಗೆ 'ಹಾಲರನ ಮುಕ್ಕಾಲಿ' ಎಂಬ ಹೆಸರಿದೆ. ಹದಿನೆಂಟನೆಯ ಶತಮಾನದಲ್ಲಿ ಗಟಿಂಗೆನ್ನಿನಲ್ಲಿ ಅಧ್ಯಾಪಕನಾಗಿದ್ದ ಆಲ್ಬ್ರೆಕ್ಟ್ ಫಾನ್ ಹಾಲರ್ ಧಮನಿಗಳನ್ನು ಅತ್ಯಂತ ಶ್ರಮದಿಂದ ಚಿತ್ರಿಸಿದವನು.

ಹತ್ತೊಂಬತ್ತನೆಯ ಶತಮಾನದಲ್ಲಿ ದೃಷ್ಟಿ ಬದಲಾಯಿತು. ೧೮೨೨ರಲ್ಲಿ ಜರ್ಮನಿಯ ಟೀಡೆಮಾನನು ಹೊರತಂದ ಧಮನಿಚಿತ್ರಸಂಪುಟದಲ್ಲಿ ರಚನಾಭೇದಗಳಿಗೂ ಸ್ಥಾನ ದೊರೆಯಿತು. ೧೮೪೪ರಲ್ಲಿ ಲಂಡನ್ನಿನ ರಿಚರ್ಡ್ ಕ್ವೈನನು ಸುಮಾರು ಒಂದು ಸಾವಿರ ದೇಹಗಳ ಪರಿಶೀಲನೆಯ ಆಧಾರದ ಮೇಲೆ ತನ್ನ ಗ್ರಂಥವನ್ನು ಪ್ರಕಟಿಸಿದನು. ಶಸ್ತ್ರಚಿಕಿತ್ಸೆಗೆ ಧಮನಿಗಳ ಜ್ಞಾನವನ್ನು ಅನ್ವಯಿಸುವುದು ತನ್ನ ಉದ್ದೇಶವೆಂದು ಅದರ ಶೀರ್ಷಿಕೆಯಲ್ಲಿಯೇ ಆತನು ಸಾರಿದನು. ಇಂಥ ರಚನೆ ಉಂಟೇ ಎಂದು ಕೇಳುವುದರ ಜೊತೆಗೆ, ನೂರಕ್ಕೆ ಎಷ್ಟು ಮಂದಿಯಲ್ಲಿ ಉಂಟು ಎಂದು ಕೇಳುವ ಪರಿಪಾಠ ಇಲ್ಲಿಂದ ಬಲಗೊಂಡಿತು.

ಎಣಿಕೆಗೆ ದೇಹಗಳು ಬೇಕು. ಇಂಗ್ಲೆಂಡಿನಲ್ಲಿ ೧೮೩೨ರ ಕಾಯಿದೆಯು ಅನಾಥಾಲಯಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ತೀರಿಕೊಂಡ ವಾರಸುದಾರರಿಲ್ಲದ ಬಡವರ ದೇಹಗಳನ್ನು ಅಂಗರಚನಾಶಾಲೆಗಳಿಗೆ ದೊರಕಿಸಿಕೊಟ್ಟಿತು. ಕ್ವೈನನ ಸಾವಿರ ದೇಹಗಳ ಹಿಂದೆ ಈ ಕಾಯಿದೆಯಿದೆ. ಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಈ ಮಾತನ್ನು ಮರೆಯತಕ್ಕದ್ದಲ್ಲ.

೩. ಪಿತ್ತಕೋಶದ ತ್ರಿಕೋಣ

ಕ್ವೈನನ ಕಾಲದಲ್ಲಿ ಉದರವನ್ನು ತೆರೆಯುವ ಶಸ್ತ್ರವೈದ್ಯರು ವಿರಳ. ಅರಿವಳಿಕೆಯೂ ಪೂತಿನಾಶಕ ಕ್ರಮವೂ ಬಳಕೆಗೆ ಬಂದ ಮೇಲೆ ಉದರವು ಶಸ್ತ್ರವೈದ್ಯನ ಕ್ಷೇತ್ರವಾಯಿತು. ೧೮೮೨ರ ಜುಲೈ ತಿಂಗಳಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಕ್ ಪ್ರಥಮವಾಗಿ ಪಿತ್ತಕೋಶವನ್ನು ಯಶಸ್ವಿಯಾಗಿ ತೆಗೆದುಹಾಕಿದನು. ೧೮೯೧ರಲ್ಲಿ ಫ್ರಾನ್ಸಿನ ಕಾಲೋ ತನ್ನ ಪ್ರೌಢಪ್ರಬಂಧದಲ್ಲಿ, ಪಿತ್ತಕೋಶದ ನಾಳ, ಯಕೃತ್ತಿನಿಂದ ಇಳಿಯುವ ಪಿತ್ತನಾಳ, ಪಿತ್ತಕೋಶದ ಧಮನಿ ಇವು ಮೂರರ ನಡುವಣ ತ್ರಿಕೋಣವನ್ನು ವರ್ಣಿಸಿದನು. ಅವನ ಹೆಸರು ಇಂದಿಗೂ ಆ ಎಡೆಗೆ ಅಂಟಿಕೊಂಡಿದೆ.

ಈ ತ್ರಿಕೋಣ ಅಂಗೈಯ ಒಂದು ಮೂಲೆಯಷ್ಟೂ ಇಲ್ಲ. ಆದರೆ ಧಮನಿಗಳ ವೈವಿಧ್ಯ ಇಲ್ಲಿ ವಿಶೇಷವಾಗಿದೆ. ಪಿತ್ತಕೋಶದ ಧಮನಿಯು ಸಾಮಾನ್ಯವಾಗಿ ಯಕೃತ್ತಿನ ಬಲಧಮನಿಯಿಂದ ಹುಟ್ಟುತ್ತದೆ. ಕೆಲವರಲ್ಲಿ ಅದು ಎರಡಾಗಿರುತ್ತದೆ. ಮತ್ತೆ ಕೆಲವರಲ್ಲಿ ಬೇರೆ ಮೂಲದಿಂದ ಹೊರಟು ಪಿತ್ತನಾಳದ ಮುಂದೆ ಹಾದುಬರುತ್ತದೆ. ಇನ್ನು ಕೆಲವರಲ್ಲಿ ಯಕೃತ್ತಿನ ಬಲಧಮನಿಯೇ ಕಂಬಳಿಹುಳುವಿನ ಬೆನ್ನಿನಂತೆ ಬಾಗಿ ಪಿತ್ತಕೋಶದ ಕೊರಳನ್ನು ತಾಕುತ್ತದೆ. ಅಂಥವರಲ್ಲಿ ಅದನ್ನೇ ಪಿತ್ತಕೋಶದ ಧಮನಿಯೆಂದು ಭ್ರಮಿಸಿ ಕಟ್ಟಿದರೆ ಯಕೃತ್ತಿನ ಬಲಭಾಗಕ್ಕೆ ಧಮನಿಯ ರಕ್ತ ತಪ್ಪುತ್ತದೆ. ಅರಿಯದೆ ಕತ್ತರಿಸಿದ ಧಮನಿಯಿಂದ ರಕ್ತ ಚಿಮ್ಮಿದಾಗ ಆ ರಕ್ತದ ಮಡುವಿನಲ್ಲಿ ಕುರುಡಾಗಿ ಚಿಮುಟವಿಕ್ಕುವುದು ಮತ್ತೂ ಘೋರವಾದುದು. ಪಕ್ಕದ ಪಿತ್ತನಾಳವು ಚಿಮುಟಕ್ಕೆ ಸಿಕ್ಕಿ ರೋಗಿಯು ಬಾಳಿನುದ್ದಕ್ಕೂ ನರಳಬೇಕಾದೀತು.

ರಕ್ತಸ್ರಾವವನ್ನು ತಡೆಯಲು ೧೯೦೮ರಲ್ಲಿ ಗ್ಲಾಸ್ಗೋವಿನ ಪ್ರಿಂಗಲ್ ಒಂದು ಉಪಾಯವನ್ನು ಹೇಳಿದನು. ಯಕೃತ್ತಿಗೆ ಹೋಗುವ ನಾಳಗಳನ್ನೊಳಗೊಂಡ ಪೊರೆಯ ಮಡಿಕೆಯನ್ನು ಬೆರಳುಗಳಿಂದ ಒತ್ತಿಹಿಡಿದರೆ ಗಾಯಗೊಂಡ ಯಕೃತ್ತಿನ ಸ್ರಾವ ನಿಲ್ಲುತ್ತದೆ. ಆದರೆ ಯಕೃತ್ತಿನ ಎಡಧಮನಿಯು ಜಠರದ ಎಡಧಮನಿಯಿಂದ ಹುಟ್ಟಿರುವ ವ್ಯಕ್ತಿಯಲ್ಲಿ ಆ ಧಮನಿಯು ಈ ಮಡಿಕೆಯೊಳಗೆ ಬರುವುದೇ ಇಲ್ಲ. ಬೆರಳು ಎಷ್ಟು ಒತ್ತಿದರೂ ಎಡಭಾಗದ ರಕ್ತ ಹರಿಯುತ್ತಲೇ ಇರುತ್ತದೆ. ಇಲ್ಲಿ ಉಪಾಯದಲ್ಲಿ ದೋಷವಿಲ್ಲ. ರೋಗಿಯ ದೇಹವು ಪುಸ್ತಕದ ಚಿತ್ರದಂತಿಲ್ಲ, ಅಷ್ಟೆ.

ಈ ಕ್ಷೇತ್ರದಲ್ಲಿ ಹೆಗ್ಗುರುತಾದ ಗ್ರಂಥವನ್ನು ೧೯೫೫ರಲ್ಲಿ ಫಿಲಡೆಲ್ಫಿಯದ ನಿಕೊಲಸ್ ಮೈಕೆಲ್ಸ್ ಪ್ರಕಟಿಸಿದರು. ೨೦೦ ದೇಹಗಳನ್ನು ಛೇದಿಸಿದ ಅವರು ಯಕೃತ್ತಿನ ಧಮನಿಗಳ ಭೇದಗಳನ್ನು ಹತ್ತು ಬಗೆಗಳಾಗಿ ವಿಂಗಡಿಸಿದರು. ಪಠ್ಯಪುಸ್ತಕದ ರಚನೆ ಅವರಿಗೆ ಕಂಡುಬಂದದ್ದು ಶೇಕಡಾ ೫೫ರಲ್ಲಿ ಮಾತ್ರ. ೧೯೯೪ರಲ್ಲಿ ಕ್ಯಾಲಿಫೋರ್ನಿಯದ ಹಾಯಟ್ ಮತ್ತು ಸಹೋದ್ಯೋಗಿಗಳು ಯಕೃತ್ತಿನ ಕಸಿಗಾಗಿ ಬಂದ ೧,೦೦೦ ದಾನಿಗಳ ಯಕೃತ್ತುಗಳನ್ನು ಪರಿಶೀಲಿಸಿ ಈ ಪ್ರಮಾಣವನ್ನು ಶೇಕಡಾ ೭೫.೭ ಎಂದು ಕೊಟ್ಟರು. ಅವರ ಲೆಕ್ಕದಲ್ಲಿ ಬಲಧಮನಿಯು ಪೂರ್ಣವಾಗಿಯೋ ಭಾಗಶಃವೋ ಮೇಲಣ ಅಂತ್ರಧಮನಿಯಿಂದ ಹುಟ್ಟಿದವರು ಶೇಕಡಾ ೧೦.೬, ಎಡಧಮನಿಯು ಜಠರದ ಎಡಧಮನಿಯಿಂದ ಹುಟ್ಟಿದವರು ಶೇಕಡಾ ೯.೭. ಐವತ್ತೈದಕ್ಕೂ ಎಪ್ಪತ್ತಾರಕ್ಕೂ ಇರುವ ಅಂತರ ವಾಚಕರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಅತಿ ಸೂಕ್ಷ್ಮವಾದ ಉಪಶಾಖೆಯನ್ನೂ ಬಿಡದೆ ಹುಡುಕುವ ಶವಚ್ಛೇದಕನ ಎಣಿಕೆಯೂ, ತನ್ನ ಕಾರ್ಯಕ್ಕೆ ಬೇಕಾದ ನಾಳಗಳನ್ನು ಗುರುತಿಸುವ ಶಸ್ತ್ರವೈದ್ಯನ ಎಣಿಕೆಯೂ ಒಂದೇ ಆಗಬೇಕಾಗಿಲ್ಲ. ಆದುದರಿಂದ ಯಾವ ಪ್ರಮಾಣವನ್ನು ಉದಾಹರಿಸುವಾಗಲೂ ಯಾರು, ಯಾವ ಕ್ರಮದಿಂದ, ಎಷ್ಟು ದೇಹಗಳಲ್ಲಿ ಎಣಿಸಿದರೆಂಬುದನ್ನು ಜೊತೆಯಲ್ಲಿಯೇ ಹೇಳುವುದು ವಿಹಿತ.

ಮೇಲಣ ಅಂತ್ರಧಮನಿಯಿಂದ ಹೊರಡುವ ಬಲಧಮನಿಯು ಮೇದೋಜೀರಕಾಂಗದ ತಲೆಯ ಹಿಂಬದಿಯಲ್ಲಿ ಮೇಲೇರುತ್ತದೆ. ಅರ್ಬುದಕ್ಕಾಗಿ ಆ ತಲೆಯನ್ನು ತೆಗೆಯುವ ಕ್ರಮವನ್ನು ೧೯೩೫ರಲ್ಲಿ ನ್ಯೂಯಾರ್ಕಿನ ವಿಪಲ್ ವರ್ಣಿಸಿದ ಮೇಲೆ ಈ ಭೇದವು ಬಹು ಮಹತ್ತ್ವದ್ದಾಯಿತು. ೧೯೮೫ರಲ್ಲಿ ಜರ್ಮನಿಯ ಮ್ಯೂಹೆ ಉದರದರ್ಶಕದ ಮೂಲಕ ಪಿತ್ತಕೋಶವನ್ನು ತೆಗೆದರು. ೧೯೯೦ರಲ್ಲಿ ಮುಂಬಯಿಯಲ್ಲಿ ಈ ಕ್ರಮ ಆರಂಭವಾಯಿತು. ಶಸ್ತ್ರವೈದ್ಯನ ಬೆರಳು ನಾಡಿಯ ಮಿಡಿತವನ್ನು ಮುಟ್ಟಿ ನೋಡುವ ಅನುಕೂಲ ಇದರಲ್ಲಿಲ್ಲ. ಪಿತ್ತಕೋಶವನ್ನು ಪ್ರವೇಶಿಸುವ ರಚನೆಗಳು ಎರಡೇ ಎಂಬುದು ಕಣ್ಣಿಗೆ ಸ್ಪಷ್ಟವಾಗುವವರೆಗೆ ಏನನ್ನೂ ಕತ್ತರಿಸಬಾರದೆಂಬ ನಿಯಮವನ್ನು ೧೯೯೫ರಲ್ಲಿ ಸ್ಟ್ರಾಸ್‌ಬರ್ಗ್ ಮತ್ತು ಅವರ ಸಂಗಡಿಗರು ಪ್ರತಿಪಾದಿಸಿದರು. ರಚನೆಯನ್ನು ಊಹಿಸಬೇಡ, ನೋಡು ಎಂಬುದೇ ಇದರ ತಾತ್ಪರ್ಯ.

೪. ಕರುಳಿನ ವರ್ತುಲಮಾರ್ಗ

ದೊಡ್ಡ ಕರುಳಿನ ರಕ್ತಪೂರೈಕೆಯನ್ನು ತಿಳಿಯಲು ಟಿನ್ ಫ್ಯಾಕ್ಟರಿಯ ಕೂಡುರಸ್ತೆಯೇ ಸುಲಭವಾದ ದೃಷ್ಟಾಂತ. ನಗರದ ಒಳಗಿನಿಂದ ಹೊರಕ್ಕೆ ಹೋಗುವ ಹಳೆಯ ಮದರಾಸು ರಸ್ತೆಯನ್ನು ಅಲ್ಲಿ ಹೊರ ವರ್ತುಲ ರಸ್ತೆಯು ಸಂಧಿಸುತ್ತದೆ. ಹೊರಹೋಗುವ ರಸ್ತೆಯೊಂದು ನಡುವೆ ಮುಚ್ಚಿದರೂ ವಾಹನಗಳು ಬೇರೊಂದು ರಸ್ತೆಯಿಂದ ಬಂದು ವರ್ತುಲವನ್ನು ಹಿಡಿದು ತಮ್ಮ ಎಡೆಯನ್ನು ಸೇರಬಹುದು. ಹಾಗೆಯೇ ಮೇಲಣ ಮತ್ತು ಕೆಳಗಣ ಅಂತ್ರಧಮನಿಗಳ ಶಾಖೆಗಳನ್ನು ದೊಡ್ಡ ಕರುಳಿನ ಅಂಚಿನಲ್ಲಿ ಒಂದು ಧಮನಿಯು ಪೋಣಿಸುತ್ತದೆ. ಇದನ್ನು ಅಂಚುಧಮನಿ ಎನ್ನಬಹುದು. ಇದರ ಶಕ್ತಿಯನ್ನು ೧೯೧೩ರ ಸುಮಾರಿಗೆ ಇಂಗ್ಲೆಂಡಿನ ಡ್ರಮಂಡ್ ತೋರಿಸಿಕೊಟ್ಟನು.

ವರ್ತುಲವು ಎಲ್ಲೆಡೆಯಲ್ಲಿಯೂ ಸಮನಾಗಿ ಅಗಲವಿಲ್ಲ. ಕರುಳಿನ ಕೊನೆಯ ಬಾಗು ಗುದನಾಳವನ್ನು ಕೂಡುವೆಡೆಯಲ್ಲಿ ಅದು ದುರ್ಬಲವೆಂದು ೧೯೦೭ರಲ್ಲಿ ಜೂಡೆಕ್ ಎಚ್ಚರಿಸಿದನು. ಪ್ಲೀಹದ ಸಮೀಪದ ತಿರುವಿನಲ್ಲಿಯೂ ಅದು ಕೆಲವರಲ್ಲಿ ಕೃಶವಾಗಿದೆಯೆಂದು ೧೯೫೬ರಲ್ಲಿ ಗ್ರಿಫಿತ್ಸ್ ತಿಳಿಸಿದರು. ಇದರ ಪ್ರಾಯೋಗಿಕ ಮಹತ್ತ್ವ ಸುಸ್ಪಷ್ಟ. ೧೯೫೧ರಲ್ಲಿ ಪ್ಯಾರಿಸ್ಸಿನ ದ್ಯುಬೋಸ್ಟ್ ಉದರದ ಮಹಾಧಮನಿಯ ಉಬ್ಬನ್ನು ತೆಗೆದು ಬೇರೆ ಧಮನಿಯನ್ನು ಜೋಡಿಸಿದ ತರುವಾಯ ಇಂಥ ಶಸ್ತ್ರಕ್ರಿಯೆಗಳು ಬಳಕೆಗೆ ಬಂದುವು. ಅವುಗಳಲ್ಲಿ ಕೆಳಗಣ ಅಂತ್ರಧಮನಿಯನ್ನು ಕಟ್ಟಬೇಕಾಗುವುದು ಸಾಮಾನ್ಯ. ಬಹುಪಾಲು ರೋಗಿಗಳಲ್ಲಿ ಅಂಚುಧಮನಿಯು ಕರುಳನ್ನು ಉಳಿಸುತ್ತದೆ. ಅದು ಕೃಶವಾಗಿರುವವರಲ್ಲಿ, ಶಸ್ತ್ರಕ್ರಿಯೆ ನಿರ್ದುಷ್ಟವಾಗಿ ನಡೆದರೂ, ಎಡಗಡೆಯ ಕರುಳು ರಕ್ತವಿಲ್ಲದೆ ಕೊಳೆಯಬಹುದು.

೫. ಭೇದಗಳಿಗೆ ಕಾರಣ

'ಪ್ರಕೃತಿಯ ಲೀಲೆ' ಎಂಬ ಮಾತಿಗೆ ಭ್ರೂಣಶಾಸ್ತ್ರವು ತೆರೆ ಎಳೆಯಿತು. ಭ್ರೂಣದಲ್ಲಿ ಮಹಾಧಮನಿಯಿಂದ ಕರುಳಿನ ಕಡೆಗೆ ಏಣಿಯ ಮೆಟ್ಟಿಲುಗಳಂತೆ ಅನೇಕ ಧಮನಿಗಳು ಹೊರಡುತ್ತವೆಂದೂ, ಅವುಗಳನ್ನು ಉದ್ದನೆಯ ನಾಳವೊಂದು ಕೂಡಿಸುತ್ತದೆಂದೂ, ಕ್ರಮೇಣ ಕೆಲವು ಅಳಿದು ಕೆಲವು ಉಳಿಯುತ್ತವೆಂದೂ ವಿಯೆನ್ನಾದ ಯೂಲಿಯಸ್ ಟಾಂಡ್ಲರ್ ೧೯೦೪ರಲ್ಲಿ ವಿವರಿಸಿದನು. ಅಳಿಯಬೇಕಾದುದು ಉಳಿದರೆ, ಉಳಿಯಬೇಕಾದುದು ಅಳಿದರೆ, ಉದರಕಾಂಡದ ಕವಲುಗಳು ಸ್ಥಾನಪಲ್ಲಟಗೊಳ್ಳುತ್ತವೆ. ಮೂತ್ರಪಿಂಡವು ಭ್ರೂಣದಲ್ಲಿ ಕಟಿಪ್ರದೇಶದಿಂದ ಮೇಲಕ್ಕೇರುತ್ತ ದಾರಿಯುದ್ದಕ್ಕೂ ಹೊಸ ಹೊಸ ಧಮನಿಗಳನ್ನು ಪಡೆದು ಹಳೆಯವನ್ನು ತೊರೆಯುತ್ತದೆ. ತೊರೆಯದೆ ಉಳಿದವು ಹೆಚ್ಚಿನ ಧಮನಿಗಳಾಗುತ್ತವೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇಂಥ ಧಮನಿ ಇರುವುದರಿಂದ ಇದನ್ನು ವಿಕೃತಿ ಎನ್ನಲಾಗದು. ಆದರೆ ಈ ಧಮನಿಗಳಿಗೆ ಒಂದರೊಡನೊಂದು ಸಂಪರ್ಕವಿಲ್ಲ. ೧೯೫೪ರಲ್ಲಿ ಬಾಸ್ಟನ್ನಿನಲ್ಲಿ ಮೂತ್ರಪಿಂಡದ ಕಸಿ ಯಶಸ್ವಿಯಾದಂದಿನಿಂದ ಶಸ್ತ್ರವೈದ್ಯರು ಇದನ್ನು ಬಲ್ಲರು: ಒಂದನ್ನು ಅರಿಯದೆ ಕತ್ತರಿಸಿದರೆ ಅದು ಪೋಷಿಸುವ ಭಾಗವು ಸಾಯುತ್ತದೆ.

೬. ನಮ್ಮ ನಾಡಿನ ಛೇದನಶಾಲೆಗಳು

೧೯೨೪ಕ್ಕೆ ಹಿಂದೆ ವೈದ್ಯಪದವಿಯನ್ನು ಬಯಸಿದ ಮೈಸೂರು ಸಂಸ್ಥಾನದ ತರುಣರು ಮದರಾಸು, ಮುಂಬಯಿ ಮುಂತಾದ ಪರಪ್ರಾಂತಗಳಿಗೆ ಹೋಗಬೇಕಾಗಿತ್ತು. ಮದರಾಸಿನ ವೈದ್ಯಶಾಲೆ ೧೮೩೫ರಲ್ಲಿಯೇ ಆರಂಭವಾಗಿತ್ತು. ದಂಡು ಪ್ರದೇಶದಲ್ಲಿ ಬೌರಿಂಗ್ ಆಸ್ಪತ್ರೆಯು ೧೮೬೦ರ ದಶಕದಿಂದಲೂ, ಪೇಟೆಯ ಬದಿಯಲ್ಲಿ ವಿಕ್ಟೋರಿಯ ಆಸ್ಪತ್ರೆಯು ೧೯೦೦ರಿಂದಲೂ ಇದ್ದುವು. ಚಿಕಿತ್ಸೆ ಇಲ್ಲಿ ನಡೆಯುತ್ತಿತ್ತು; ದೇಹರಚನೆಯ ಪ್ರಮಾಣಗ್ರಂಥಗಳು ಮಾತ್ರ ಹೊರಗಿನ ದೇಹಗಳನ್ನು ಕಂಡು ಬರೆದವು. ೧೯೨೪ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ವೈದ್ಯಕೀಯ ಕಾಲೇಜು ಬೆಂಗಳೂರಿನಲ್ಲಿ ತೊಡಗಿ ೧೯೩೦ರಲ್ಲಿ ಮೈಸೂರಿಗೆ ವರ್ಗವಾಯಿತು. ೧೯೫೩ರಲ್ಲಿ ಮಣಿಪಾಲದಲ್ಲಿ, ೧೯೫೫ರಲ್ಲಿ ಬೆಂಗಳೂರಿನಲ್ಲಿ, ೧೯೬೩ರಲ್ಲಿ ಸೇಂಟ್ ಜಾನ್ಸ್ ಹೆಸರಿನಲ್ಲಿ ಕಾಲೇಜುಗಳು ತೆರೆದುವು. ಮಣಿಪಾಲದ ಅಂಗರಚನಾವಿಭಾಗಗಳಿಂದ ಧಮನಿಭೇದಗಳನ್ನು ಕುರಿತ ಅನೇಕ ವರದಿಗಳು ಹೊರಬಂದಿವೆ. ಈಚೆಗೆ ಟಿನ್ ಫ್ಯಾಕ್ಟರಿಯಿಂದ ಆಚೆ, ವೈಟ್‌ಫೀಲ್ಡ್, ವಿರ್ಗೋನಗರ, ಹೊಸಕೋಟೆಗಳ ಸುತ್ತಿನಲ್ಲಿಯೇ ಹಲವು ಛೇದನಶಾಲೆಗಳಾಗಿವೆ. ಒಂದು ಕಾಲಕ್ಕೆ ಅಂಗರಚನೆಯನ್ನು ಕಲಿಯಲು ತರುಣರು ಹೊರಟುಹೋಗುತ್ತಿದ್ದ ಮದರಾಸಿನ ದಿಕ್ಕಿನಲ್ಲಿಯೇ ಇಂದು ಆ ಕಲಿಕೆಯ ಕೇಂದ್ರಗಳು ನೆಲಸಿವೆ.

ಈ ಶಾಲೆಗಳಿಗೆಲ್ಲ ಆಧಾರವಾದದ್ದು ೧೯೫೭ರ ಮೈಸೂರು ಅಂಗರಚನಾ ಅಧಿನಿಯಮ. ಇಂದು ಅದು ಕರ್ನಾಟಕದ ಹೆಸರಿನಿಂದ ಜಾರಿಯಲ್ಲಿದೆ. ಇಂಗ್ಲೆಂಡಿನ ಕಾಯಿದೆಯಂತೆ ಇದೂ ವಾರಸುದಾರರು ಬಾರದ ದೇಹಗಳನ್ನು ವಿದ್ಯಾಭ್ಯಾಸಕ್ಕೆ ಒಪ್ಪಿಸಿಕೊಡುತ್ತದೆ. ಸ್ವಇಚ್ಛೆಯಿಂದ ದೇಹವನ್ನು ದಾನಮಾಡುವವರೂ ಈಗ ಇದ್ದಾರೆ. ಬೈಲಹೊಂಗಲದ ಆಯುರ್ವೇದವೈದ್ಯರೊಬ್ಬರು ಹೀಗೆ ದಾನಮಾಡಿದ ದೇಹವನ್ನು ೨೦೧೦ರಲ್ಲಿ ಬೆಳಗಾವಿಯಲ್ಲಿ, ಅವರ ಇಚ್ಛೆಯಂತೆ, ಅಂಗರಚನಾ ಅಧ್ಯಾಪಕರಾದ ಅವರ ಮಗನೇ ವಿದ್ಯಾರ್ಥಿಗಳೆದುರು ಛೇದಿಸಿದುದು ನಾಡಿನಲ್ಲೆಲ್ಲ ಪ್ರಸಿದ್ಧವಾದ ಸಂಗತಿ.

ಇನ್ನು ವೈಟ್‌ಫೀಲ್ಡಿನ ಎಣಿಕೆಯನ್ನು ನೋಡೋಣ. ೨೦೧೨ರ ಪ್ರಬಂಧದ ಪ್ರಕಾರ ಉದರಕಾಂಡದಿಂದ ಮೂರು ಕವಲುಗಳೂ ಹೊರಟದ್ದು ಶೇಕಡಾ ೮೬ರಲ್ಲಿ, ಎಂದರೆ ಐವತ್ತರಲ್ಲಿ ನಲವತ್ತಮೂರು ದೇಹಗಳಲ್ಲಿ. ಉಳಿದ ಏಳರಲ್ಲಿ ರಚನೆ ಬೇರೆಯಾಗಿತ್ತು. ಹನ್ನೆರಡು ಸಾವಿರಕ್ಕೂ ಮಿಕ್ಕ ಉದಾಹರಣೆಗಳನ್ನು ಒಟ್ಟುಗೂಡಿಸಿ ೨೦೧೩ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಈ ಪ್ರಮಾಣವನ್ನು ಶೇಕಡಾ ೮೯ ಎಂದು ಹೇಳುತ್ತದೆ. ಇವೆರಡರ ಅಂತರದಿಂದ ನಮ್ಮ ಜನರ ರಚನೆಯೇ ಬೇರೆಯೆಂದು ನಿರ್ಣಯಿಸುವುದು ಅವಸರದ ಮಾತಾದೀತು. ಕೇವಲ ಐವತ್ತು ದೇಹಗಳಿಂದ ಲೆಕ್ಕಹಾಕಿದರೆ ನಿಜವಾದ ಪ್ರಮಾಣವು ಶೇಕಡಾ ೭೪ರಿಂದ ೯೩ರವರೆಗೆ ಎಲ್ಲಿಯಾದರೂ ಇರಬಹುದೆಂದು ಸಂಖ್ಯಾಶಾಸ್ತ್ರ ತಿಳಿಸುತ್ತದೆ. ಹತ್ತು ಶಾಲೆಗಳು ಒಂದೇ ಕ್ರಮದಿಂದ ಐವತ್ತೈವತ್ತು ದೇಹಗಳನ್ನು ಎಣಿಸಿದರೆ ಆ ಅಂತರ ಬಹುಮಟ್ಟಿಗೆ ಕಿರಿದಾಗುವುದು.

೭. ಉಪಸಂಹಾರ

೧೯೨೯ರಲ್ಲಿ ಲಿಸ್ಬನ್ನಿನ ಡಾಸ್ ಸಾಂಟೋಸ್ ಬದುಕಿರುವ ಮನುಷ್ಯನ ಮಹಾಧಮನಿಯ ಕ್ಷಕಿರಣಚಿತ್ರವನ್ನು ತೆಗೆದರು. ೧೯೫೩ರಲ್ಲಿ ಸ್ಟಾಕ್‌ಹೋಮಿನ ಸೆಲ್ಡಿಂಗರ್ ಆ ವಿಧಾನವನ್ನು ಸುಗಮಗೊಳಿಸಿದರು. ಇಂದು ಗಣಕಯಂತ್ರದ ನೆರವಿನ ಸಿ.ಟಿ. ಚಿತ್ರಣವು ಶಸ್ತ್ರಕ್ರಿಯೆಗೆ ಮುಂಚೆಯೇ ಒಬ್ಬೊಬ್ಬ ರೋಗಿಯ ಧಮನಿಗಳನ್ನೂ ತೋರಿಸಬಲ್ಲುದು. ಹಾಗಾದರೆ ಛೇದನಶಾಲೆಯ ಎಣಿಕೆ ಅನಾವಶ್ಯಕವೆ? ಪಿತ್ತಕೋಶದ ಶಸ್ತ್ರಕ್ರಿಯೆಗೆ ಬರುವ ಎಲ್ಲ ರೋಗಿಗಳಿಗೂ ಧಮನಿಚಿತ್ರಣ ನಡೆಯುವುದಿಲ್ಲ. ಅಪಘಾತದಲ್ಲಿ ಯಕೃತ್ತು ಒಡೆದು ಮಧ್ಯರಾತ್ರಿ ಆಸ್ಪತ್ರೆಗೆ ಬಂದವನಿಗೆ ಅದಕ್ಕೆ ಅವಕಾಶವೂ ಇರಲಾರದು. ಅಂಥ ವೇಳೆಯಲ್ಲಿ ಶಸ್ತ್ರವೈದ್ಯನಿಗೆ ನೆರವಾಗುವುದು ವಿದ್ಯಾರ್ಥಿದೆಸೆಯಲ್ಲಿ ಅವನ ಕೈಗೂ ಕಣ್ಣಿಗೂ ಆದ ಅಭ್ಯಾಸವೇ.

ಆ ಅಭ್ಯಾಸಕ್ಕೆ ಕಾಲಾವಕಾಶ ಕಡಿಮೆಯಾಗಿದೆ. ೧೯೯೭ರ ನಿಯಮಾವಳಿಯು ಮೊದಲ ಘಟ್ಟದ ವ್ಯಾಸಂಗವನ್ನು ಹದಿನೆಂಟು ತಿಂಗಳಿಂದ ಹನ್ನೆರಡು ತಿಂಗಳಿಗೆ ಇಳಿಸಿತು. ಪರೀಕ್ಷೆಗೆ ಬೇಕಾದುದು ಪುಸ್ತಕದ ಚಿತ್ರವಾದ್ದರಿಂದ, ಮೇಜಿನ ಮೇಲೆ ಭೇದವೊಂದು ಕಂಡರೆ ವಿದ್ಯಾರ್ಥಿಯು ಅದನ್ನು ತೊಡಕೆಂದು ಬಗೆದು ಮುಂದುವರಿಯುವ ಸಂಭವ ಉಂಟು. ಒಂದೊಂದು ಛೇದನಶಾಲೆಯಲ್ಲಿಯೂ ಒಂದೊಂದು ದಾಖಲೆ ಪುಸ್ತಕವಿದ್ದು, ದೇಹವೊಂದರ ಛೇದನ ಮುಗಿದಾಗ ಉದರಕಾಂಡ, ಯಕೃತ್ತಿನ ಧಮನಿಗಳು, ಪಿತ್ತಕೋಶದ ಧಮನಿ, ಅಂಚುಧಮನಿ, ಮೂತ್ರಪಿಂಡದ ಧಮನಿಗಳು ಇವು ಹೇ‍ಗಿದ್ದುವೆಂದು ವಿದ್ಯಾರ್ಥಿಗಳೇ ಬರೆದು ಅಧ್ಯಾಪಕರು ಸಹಿಹಾಕುವ ಪದ್ಧತಿ ಬಂದರೆ ಇದಕ್ಕೆ ಪರಿಹಾರ ದೊರೆಯುತ್ತದೆ. ಇದಕ್ಕೆ ಯಂತ್ರೋಪಕರಣವಾಗಲಿ ವಿಶೇಷ ವೆಚ್ಚವಾಗಲಿ ಬೇಕಾಗಿಲ್ಲ. ಹತ್ತು ವರ್ಷಗಳಲ್ಲಿ ನಮ್ಮ ನಾಡಿನದೇ ಆದ, ಕ್ವೈನನ ಸಾವಿರಕ್ಕೆ ಸರಿದೂಗುವ ಎಣಿಕೆ ಸಿದ್ಧವಾಗಬಹುದು.

ಇದು ಶಾಸ್ತ್ರದ ಅಭಿವೃದ್ಧಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ತಿಳಿಯಬಾರದು. ಛೇದನಶಾಲೆಗೆ ಬರುವವರಲ್ಲಿ ಅನೇಕರು ಬದುಕಿದ್ದಾಗ ಯಾರ ಲೆಕ್ಕಕ್ಕೂ ಸೇರದೆ ಹೋದವರು. ಮತ್ತೆ ಕೆಲವರು ತಿಳಿದೇ ತಮ್ಮ ದೇಹವನ್ನು ಕೊಟ್ಟವರು. ಅವರಲ್ಲಿ ಕಂಡದ್ದನ್ನು ಬರೆದಿಡದೆ ಬಿಟ್ಟರೆ, ಮುಂದೊಂದು ದಿನ ಅಂಥದೇ ರಚನೆಯುಳ್ಳ ರೋಗಿಯೊಬ್ಬನು ಶಸ್ತ್ರವೈದ್ಯನ ಮುಂದೆ ಮಲಗಿದಾಗ ಒದಗಬಹುದಾಗಿದ್ದ ಎಚ್ಚರಿಕೆಯೂ ಅವರೊಡನೆಯೇ ಮಣ್ಣುಗೂಡುತ್ತದೆ.